ಫೀಡಿಗೆ ಬೆರೆಸುವ ಪುಡಿಗೂ ಒಂದು ಲೆಕ್ಕವಿರಲಿ: ಸಿಗಡಿ ಬೆಳೆಗಾರರಿಗೆ ಬಹಿರಂಗ ಪತ್ರ

ವಿಳಿಂಜಂ, ತಿರುವನಂತಪುರ ಜಿಲ್ಲೆ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಕುಂದಾಪುರದ ಸಿಗಡಿ ಬೆಳೆಗಾರರಿಗೆ ಹಾಗೂ ಕಾಸರಗೋಡಿನ ಕಡೆ ಉಪ್ಪುನೀರಿನ ಕೆರೆಗಳಲ್ಲಿ ಸಿಗಡಿ ಸಾಕುವ ಕನ್ನಡ ಬಂಧುಗಳಿಗೆ,

ಈ ಪತ್ರ ಬರೆಯಲು ಕಾರಣ ಒಂದೇ. ಸಿಗಡಿ ಫೀಡ್ ಮಾರುವ ಅಂಗಡಿಗಳಲ್ಲಿ ಇವತ್ತು ಫೀಡಿನ ಚೀಲಗಳ ಪಕ್ಕದಲ್ಲೇ 'ಇಮ್ಯೂನ್ ಬೂಸ್ಟರ್' ಎಂಬ ಡಬ್ಬಿ, ಪೊಟ್ಟಣ, ಕ್ಯಾನ್‌ಗಳು ಸಾಲಾಗಿ ಕೂತಿವೆ. ಯೀಸ್ಟಿನ ಬೀಟಾ ಗ್ಲೂಕಾನ್, ವಿಟಮಿನ್ ಸಿ, ನ್ಯೂಕ್ಲಿಯೋಟೈಡ್, ಕಡಲಪಾಚಿಯ ಸಾರ, ಬೆಳ್ಳುಳ್ಳಿ-ಅರಿಸಿನದ ಮಿಶ್ರಣ ಎಂದು ಹೆಸರು ಹಲವು. ಭರವಸೆ ಮಾತ್ರ ಒಂದೇ: ದಿನಾ ಫೀಡಿಗೆ ಬೆರೆಸಿ ಹಾಕಿದರೆ ರೋಗ ಹತ್ತಿರ ಸುಳಿಯುವುದಿಲ್ಲ. ನಂಬಿ ಹಾಕಿದವರಲ್ಲಿ ಬೆಳೆ ಕೈಗೆ ಬಂದವರು ಅದನ್ನು ಸಂಜೀವಿನಿ ಎನ್ನುತ್ತಾರೆ, ಕೆರೆ ಕಳೆದುಕೊಂಡವರು ಎಲ್ಲ ಮೋಸ ಎನ್ನುತ್ತಾರೆ. ಎರಡು ಮಾತಿಗೂ ಆಧಾರ ಸಾಲದು. ಈ ಪದಾರ್ಥಗಳಲ್ಲಿ ಕೆಲವಕ್ಕೆ ನಿಜವಾದ ಗುಣವಿದೆ. ಆದರೆ ಆ ಗುಣ ಕೈಗೆ ಸಿಗಬೇಕಾದರೆ ಎಷ್ಟು ಹಾಕಬೇಕು, ಎಷ್ಟು ದಿನಕ್ಕೊಮ್ಮೆ ಹಾಕಬೇಕು, ಯಾವಾಗ ಹಾಕಬೇಕು ಎಂಬ ಮೂರು ಲೆಕ್ಕ ಸರಿಯಿರಬೇಕು. ಲೆಕ್ಕ ತಪ್ಪಿ ದಿನಾ ಸುರಿದರೆ ಹಣವೂ ವ್ಯರ್ಥ, ಸಿಗಡಿಗೂ ಕೆಡುಕು. ಇದಕ್ಕೆ ಪುರಾವೆ ದೂರದ ದೇಶದಲ್ಲಿಲ್ಲ. ನಮ್ಮದೇ ಪಶ್ಚಿಮ ಕರಾವಳಿಯ ಕೊಚ್ಚಿಯಲ್ಲಿದೆ, 2009ರಲ್ಲೇ ಅಚ್ಚಾಗಿದೆ.

ಮೊದಲು ಸಿಗಡಿಯ ಮೈ ಹೇಗೆ ರೋಗದೊಡನೆ ಕಾದಾಡುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ಉಳಿದ ವಾದವೆಲ್ಲ ಅದರ ಮೇಲೆ ನಿಂತಿದೆ. ಮನುಷ್ಯರಿಗೆ, ದನಕರುಗಳಿಗೆ, ಮೀನಿಗೆ ಕೂಡ ಲಸಿಕೆ ಇದೆ. ಸಿಗಡಿಗೆ ಆ ಬಗೆಯ ಲಸಿಕೆ ಇಲ್ಲ. ಲಸಿಕೆ ಕೆಲಸ ಮಾಡಬೇಕಾದರೆ ಒಮ್ಮೆ ಕಂಡ ರೋಗಾಣುವನ್ನು ನೆನಪಿಟ್ಟು ಅದಕ್ಕೆಂದೇ ಪ್ರತಿಕಾಯ ತಯಾರಿಸುವ ಶಕ್ತಿ ಮೈಯಲ್ಲಿರಬೇಕು. ಸಿಗಡಿಯಲ್ಲಿ ಪ್ರತಿಕಾಯಗಳೇ ಇಲ್ಲ. ಅದರ ತಿಳಿನೀಲಿ ರಕ್ತದಲ್ಲಿ ತೇಲುವ ರಕ್ತಕಣಗಳೇ ಅದರ ಪಡೆ. ಅವು ರೋಗಾಣುವನ್ನು ನುಂಗುತ್ತವೆ, ನುಂಗಲಾಗದಷ್ಟು ದೊಡ್ಡದಿದ್ದರೆ ಸುತ್ತುಗಟ್ಟಿ ಮುಚ್ಚುತ್ತವೆ, ರೋಗಾಣು ಕೊಲ್ಲುವ ಸಣ್ಣ ಪ್ರೋಟೀನುಗಳನ್ನು ಬಿಡುತ್ತವೆ. ಫೀನಾಲ್‌ಆಕ್ಸಿಡೇಸ್ ಎಂಬ ಕಿಣ್ವವನ್ನು ಎಬ್ಬಿಸಿ ಆ ಜಾಗವನ್ನು ಕಪ್ಪಾಗಿಸುತ್ತವೆ. ಚೆಕ್ ಟ್ರೇ ಎತ್ತಿದಾಗ ಕೆಲವು ಸಿಗಡಿಗಳ ಚಿಪ್ಪಿನ ಮೇಲೆ, ಮುರಿದ ಮೀಸೆಯ ತುದಿಯಲ್ಲಿ, ಸವೆದ ಬಾಲದ ಅಂಚಿನಲ್ಲಿ ಕಪ್ಪು ಚುಕ್ಕೆ ಕಾಣುತ್ತದಲ್ಲ, ಅದು ಈ ಕಿಣ್ವದ ಕೈಬರಹ. ಅಲ್ಲಿ ಗಾಯವಾಗಿತ್ತು, ಮೈ ಅದನ್ನು ಮುಚ್ಚಿ ಹಾಕಿದೆ ಎಂದರ್ಥ. ಹಿಡಿದ ಸಿಗಡಿಯನ್ನು ಸರಿಯಾಗಿ ಐಸ್‌ನಲ್ಲಿ ಇಡದಿದ್ದರೆ ತಲೆ ಕಪ್ಪಾಗುವುದಕ್ಕೂ ಇದೇ ಬಗೆಯ ಕಿಣ್ವ ಕಾರಣ. ಬದುಕಿದ್ದಾಗ ಕಾಯುವ ಅದೇ ಶಕ್ತಿ ಸತ್ತ ಮೇಲೆ ಮಾಲು ಕೆಡಿಸುತ್ತದೆ. ಎಲ್ಲಿ, ಯಾವಾಗ, ಎಷ್ಟು ಎಂಬ ಹಿಡಿತ ತಪ್ಪಿದರೆ ಈ ಶಕ್ತಿ ಕೇಡು ಮಾಡಬಲ್ಲದು ಎಂಬುದಕ್ಕೆ ಸಂಸ್ಕರಣಾ ಘಟಕದ ಟೇಬಲ್ಲಿಗಿಂತ ಬೇರೆ ಸಾಕ್ಷಿ ಬೇಡ.

ಬೀಟಾ ಗ್ಲೂಕಾನ್ ಎಂಬುದು ಯೀಸ್ಟ್ ಮತ್ತು ಶಿಲೀಂಧ್ರಗಳ ಕೋಶಭಿತ್ತಿಯಲ್ಲಿರುವ ಸಕ್ಕರೆ ಸರಪಳಿ. ಸಿಗಡಿ, ಏಡಿಗಳ ಜಾತಿಯ ಜೀವಿಗಳ ರಕ್ತದಲ್ಲಿ ಈ ಸರಪಳಿಯನ್ನು ಗುರುತಿಸುವ ಪ್ರೋಟೀನುಗಳಿವೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಕೆನೆತ್ ಸೊಡರ್‌ಹಾಲ್ ಮತ್ತು ಅವರ ಸಂಗಡಿಗರು ಸಿಹಿನೀರಿನ ಕ್ರೇಫಿಶ್ ಇಟ್ಟುಕೊಂಡು ದಶಕಗಳ ಕಾಲ ನಡೆಸಿದ ಅಧ್ಯಯನ ಈ ದಾರಿಯನ್ನು ಹಂತಹಂತವಾಗಿ ಬಿಡಿಸಿ ತೋರಿಸಿತು. ಗ್ಲೂಕಾನ್ ಕಂಡೊಡನೆ ಶತ್ರು ಬಂದಿತೆಂದು ತಿಳಿದು ರಕ್ತಕಣಗಳು ಎಚ್ಚರಗೊಳ್ಳುತ್ತವೆ. ಗ್ಲೂಕಾನ್‌ಗೆ ರೋಗ ತರುವ ಶಕ್ತಿ ಇಲ್ಲ, ಆದರೆ ಮೈ ಮಾತ್ರ ಕಾಳಗಕ್ಕೆ ಸಜ್ಜಾಗಿರುತ್ತದೆ. ಆ ಹೊತ್ತಿಗೆ ನಿಜವಾದ ರೋಗಾಣು ಬಂದರೆ ತಡೆಯುವ ಸಾಧ್ಯತೆ ಹೆಚ್ಚು. ಇಷ್ಟೇ ಇದರ ಮರ್ಮ. ಆದರೆ ಈ ಸಿದ್ಧತೆಗೆ ಬೆಲೆ ಇದೆ. ಫೀನಾಲ್‌ಆಕ್ಸಿಡೇಸ್ ಕೆಲಸ ಮಾಡುವಾಗ ಹುಟ್ಟುವ ರಾಸಾಯನಿಕಗಳು ರೋಗಾಣುವಿಗಷ್ಟೇ ಅಲ್ಲ, ಸಿಗಡಿಯ ಸ್ವಂತ ಅಂಗಾಂಶಕ್ಕೂ ವಿಷ. ಬಳಕೆಯಾದ ರಕ್ತಕಣಗಳನ್ನು ಮೈ ಹೊಸದಾಗಿ ತಯಾರಿಸಬೇಕು. ಅದಕ್ಕೆ ಬೇಕಾದ ಆಹಾರ, ಶಕ್ತಿ ಬೆಳವಣಿಗೆಯ ಪಾಲಿನಿಂದಲೇ ಹೋಗಬೇಕು. ಪ್ರತಿ ರಾತ್ರಿ ಸುಳ್ಳು ಕೂಗು ಹಾಕಿ ಊರನ್ನೆಬ್ಬಿಸಿದರೆ ಕಳ್ಳ ಬಂದ ದಿನ ಏಳಲು ಯಾರಿಗೂ ತ್ರಾಣವಿರುವುದಿಲ್ಲ. ದಿನಾ ಗ್ಲೂಕಾನ್ ತಿಂದ ಸಿಗಡಿಯ ಪಾಡೂ ಅದೇ.

ಇದು ಬರಿಯ ತರ್ಕವಲ್ಲ ಎಂದು ತೋರಿಸಿದ್ದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅಂದರೆ ಕುಸಾಟ್. ಅಲ್ಲಿ ಐ.ಎಸ್. ಬ್ರೈಟ್ ಸಿಂಗ್, ರೋಸಮ್ಮ ಫಿಲಿಪ್ ಮತ್ತು ಅವರ ವಿದ್ಯಾರ್ಥಿಗಳು ಸಮುದ್ರದಲ್ಲಿ ಸಿಗುವ ಯೀಸ್ಟ್‌ಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಒಂದಾದ ಕ್ಯಾಂಡಿಡಾ ಸಾಕೆ ತಳಿಯಿಂದ ಗ್ಲೂಕಾನ್ ತೆಗೆದರು. ಪರೀಕ್ಷೆಗೆ ಆರಿಸಿಕೊಂಡದ್ದು ನಮ್ಮದೇ ಕಡಲಿನ ಬಿಳಿ ಸಿಗಡಿ, ಕೇರಳದಲ್ಲಿ ನಾರನ್ ಚೆಮ್ಮೀನ್ ಎಂದು ಕರೆಯುವ ಪೀನಿಯಸ್ ಇಂಡಿಕಸ್. ಮೊದಲು ಪ್ರಮಾಣದ ಪ್ರಶ್ನೆ: ಫೀಡಿನ ತೂಕದಲ್ಲಿ ಶೇ 0.05ರಿಂದ ಶೇ 0.4ರವರೆಗೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡಿದರು. ಹೆಚ್ಚು ಹಾಕಿದಷ್ಟೂ ಹೆಚ್ಚು ಲಾಭ ಎಂಬುದು ನಿಜವಾಗಿದ್ದರೆ ಶೇ 0.4 ಗೆಲ್ಲಬೇಕಿತ್ತು. ಗೆದ್ದದ್ದು ನಡುವಿನ ಶೇ 0.2. ಆಮೇಲೆ ಅಂತರದ ಪ್ರಶ್ನೆ: ಅದೇ ಶೇ 0.2 ಗ್ಲೂಕಾನ್ ಇರುವ ಫೀಡನ್ನು ಕೆಲವಕ್ಕೆ ದಿನಾ, ಕೆಲವಕ್ಕೆ ದಿನ ಬಿಟ್ಟು ದಿನ, ಹೀಗೆ ಹತ್ತು ದಿನಕ್ಕೊಮ್ಮೆಯವರೆಗೆ ಕೊಟ್ಟು, ಕೊನೆಗೆ ಎಲ್ಲವಕ್ಕೂ ಬಿಳಿಚುಕ್ಕೆ ರೋಗ ತರುವ ವೈಟ್ ಸ್ಪಾಟ್ ವೈರಸ್ ತಗುಲಿಸಿದರು. ಹೆಚ್ಚು ಬದುಕಿದ್ದು ದಿನಾ ತಿಂದ ಗುಂಪಲ್ಲ, ಏಳು ದಿನಕ್ಕೊಮ್ಮೆ ತಿಂದ ಗುಂಪು. ಪ್ರಮಾಣದಷ್ಟೇ ಅಂತರವೂ ಮುಖ್ಯ ಎಂಬ ಈ ಒಂದು ಫಲಿತಾಂಶ ಡಬ್ಬಿಯ ಮೇಲಿನ 'ದಿನಕ್ಕೆ ಎರಡು ಹೊತ್ತು' ಎಂಬ ಸಾಲನ್ನು ಪ್ರಶ್ನಿಸಲು ಸಾಕು. ಶೇ 0.2 ಮತ್ತು ಏಳು ದಿನ ಎಂಬ ಅಂಕಿಗಳು ಆ ಯೀಸ್ಟಿನ ಗ್ಲೂಕಾನ್‌ಗೆ, ಆ ಸಿಗಡಿ ಜಾತಿಗೆ ಸೇರಿದವು. ವನಾಮಿ ಎಂಬ ಸಾಕಣೆ ಸಿಗಡಿಗೆ, ಬೇರೆ ಕಂಪನಿಯ ಗ್ಲೂಕಾನ್‌ಗೆ ಸ್ವಲ್ಪ ಆಚೀಚೆ ಆಗಬಹುದು. ಆದರೆ ಬಿಡುವು ಕೊಡಬೇಕು ಎಂಬ ತತ್ತ್ವಕ್ಕೆ ಎಲ್ಲ ಸಿಗಡಿಗಳ ಮೈಯಲ್ಲೂ ಕಾರಣ ಒಂದೇ.

ಇದನ್ನು ನಿಮ್ಮ ಖರ್ಚಿನ ಪುಸ್ತಕಕ್ಕೆ ಇಳಿಸಿ ನೋಡಿ. ಒಂದು ಬೆಳೆಗೆ 7 ಟನ್ ಫೀಡ್ ಹೋಗುತ್ತದೆ ಎಂದುಕೊಳ್ಳೋಣ. ಶೇ 0.2 ಎಂದರೆ ಟನ್ನಿಗೆ 2 ಕಿಲೋ. ದಿನಾ ಹಾಕಿದರೆ ಬೆಳೆಗೆ 14 ಕಿಲೋ ಗ್ಲೂಕಾನ್. ವಾರಕ್ಕೊಂದು ದಿನ ಹಾಕಿದರೆ ಹೆಚ್ಚು ಕಡಿಮೆ 2 ಕಿಲೋ. ಉಳಿದ 12 ಕಿಲೋದ ಹಣದಲ್ಲಿ ಮರಿಗಳಲ್ಲಿ ರೋಗವಿದೆಯೇ ಎಂದು ನೋಡುವ ಪಿಸಿಆರ್ ಪರೀಕ್ಷೆ ಮಾಡಿಸಬಹುದು, ಏಡಿ ಒಳಗೆ ಬಾರದಂತೆ ಬೇಲಿ ಕಟ್ಟಬಹುದು. ದುಬಾರಿಯಾಯಿತು, ನಮಗೆ ಆಗುವುದಿಲ್ಲ ಎಂದು ಗ್ಲೂಕಾನನ್ನು ಪೂರಾ ಬಿಟ್ಟವರಿಗೂ ಈ ಲೆಕ್ಕವೇ ಉತ್ತರ. ಬೆರೆಸುವ ರೀತಿಯ ಬಗ್ಗೆಯೂ ಒಂದು ಮಾತು. ಸಿಗಡಿ ಮೀನಿನ ಹಾಗೆ ಫೀಡನ್ನು ಗುಳಕ್ಕನೆ ನುಂಗುವುದಿಲ್ಲ. ಕಾಲಿನಲ್ಲಿ ಹಿಡಿದು ಮೆಲ್ಲಗೆ ಕೆರೆದು ತಿನ್ನುತ್ತದೆ. ಅಷ್ಟರಲ್ಲಿ ಮೇಲೆ ಉದುರಿಸಿದ ಪುಡಿ ನೀರಿಗೆ ಬಿಟ್ಟುಕೊಂಡಿರುತ್ತದೆ. ಆದ್ದರಿಂದ ಕಿಲೋ ಫೀಡಿಗೆ 2 ಗ್ರಾಂ ಪುಡಿಯನ್ನು ತೂಕ ಮಾಡಿ, ಬೈಂಡರ್ ಜೊತೆ ಕಲಸಿ, ಕಾಳಿಗೆ ಸಮನಾಗಿ ಹತ್ತಿಸಿ, ನೆರಳಿನಲ್ಲಿ ಅರ್ಧ ಗಂಟೆ ಆರಿಸಿಯೇ ಹಾಕಬೇಕು. ಹಿಡಿಲೆಕ್ಕ, ಮುಚ್ಚಳದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಿಟಮಿನ್ ಸಿ ಕೊಳ್ಳುವವರು ಅದು ಶಾಖ ತಡೆಯುವ ಫಾಸ್ಫೇಟ್ ರೂಪದ್ದೋ ಎಂದು ಕೇಳಿ; ಸಾದಾ ವಿಟಮಿನ್ ಸಿ ಬಿಸಿಗೆ, ತೇವಕ್ಕೆ ಬೇಗ ಸತ್ತುಹೋಗುತ್ತದೆ.

ಇಷ್ಟೆಲ್ಲ ಕಷ್ಟ ಏಕೆ, ಆ್ಯಂಟಿಬಯೋಟಿಕ್ ಹಾಕಿದರೆ ಎರಡು ದಿನದಲ್ಲಿ ಸಾಯುವುದು ನಿಲ್ಲುತ್ತದಲ್ಲ ಎಂಬ ಮಾತು ದಂಡೆಯ ಮೇಲೆ ಈಗಲೂ ಇದೆ. ಅದಕ್ಕೆ ಉತ್ತರ ನಮ್ಮ ಮಂಗಳೂರಿನಲ್ಲೇ ಸಿಕ್ಕಿ ಮೂವತ್ತು ವರ್ಷವಾಯಿತು. ಮೀನುಗಾರಿಕಾ ಮಹಾವಿದ್ಯಾಲಯದ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನ, ಹ್ಯಾಚರಿಯಲ್ಲಿ ಹುಲಿ ಸಿಗಡಿ ಮರಿಗಳು ರಾಶಿ ರಾಶಿಯಾಗಿ ಸತ್ತದ್ದಕ್ಕೆ ಕಾರಣ ಹುಡುಕಿತ್ತು. ಕತ್ತಲಲ್ಲಿ ಮಿನುಗುವ ವಿಬ್ರಿಯೋ ಹಾರ್ವೇಯಿ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ಕ್ಲೋರಾಂಫೆನಿಕಾಲ್ ಸೇರಿದಂತೆ ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಆಗಿತ್ತು. ಮದ್ದು ಹಾಕಿ ಹಾಕಿ ಮದ್ದಿಗೆ ಬಗ್ಗದ ರೋಗ ಬೆಳೆಸುವ ಈ ದಾರಿ ಬಿಟ್ಟು ಬೇರೆ ದಾರಿ ಬೇಕೆಂದೇ ಅದೇ ಕಾಲೇಜಿನವರು ಮುಂದಿನ ವರ್ಷಗಳಲ್ಲಿ ಸತ್ತ ವಿಬ್ರಿಯೋ ಮತ್ತು ಯೀಸ್ಟ್ ಗ್ಲೂಕಾನ್‌ಗಳನ್ನು ಸಿಗಡಿಗೆ ಬಾಯಿಯ ಮೂಲಕ ಕೊಟ್ಟು ಪರೀಕ್ಷಿಸಿದರು. ವೈಟ್ ಸ್ಪಾಟ್ ವೈರಸ್ ರೋಗವಾದ್ದರಿಂದ ಆ್ಯಂಟಿಬಯೋಟಿಕ್ ಅದಕ್ಕೆ ಮೊದಲೇ ನಾಟುವುದಿಲ್ಲ. ಮಾರುಕಟ್ಟೆಯ ಮಾತಂತೂ ಬೇರೆಯೇ ಇದೆ. 2024-25ರಲ್ಲಿ ನಮ್ಮ ದೇಶದಿಂದ 7.41 ಲಕ್ಷ ಟನ್ ಶೀತಲೀಕರಿಸಿದ ಸಿಗಡಿ ಹೊರಗೆ ಹೋಗಿ 43,334 ಕೋಟಿ ರೂಪಾಯಿ ತಂದಿತು. ಆ ಕೊಳ್ಳುವವರಲ್ಲಿ ಐರೋಪ್ಯ ಒಕ್ಕೂಟ 2016ರಿಂದ ನಮ್ಮ ಸಾಕಣೆ ಸಿಗಡಿಯ ಕಂಟೇನರ್‌ಗಳಲ್ಲಿ ಅರ್ಧದಷ್ಟನ್ನು ಆ್ಯಂಟಿಬಯೋಟಿಕ್ ಪರೀಕ್ಷೆಗೆ ಹಾಕುವ ನಿಯಮ ಮಾಡಿತು. ಒಬ್ಬರ ಕೆರೆಯ ತಪ್ಪಿಗೆ ಇಡೀ ಕರಾವಳಿಯ ದರ ಇಳಿಯುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಪ್ರಯೋಗಾಲಯದ ಟ್ಯಾಂಕಿನಲ್ಲಿ ಶುದ್ಧ ನೀರು, ಎಣಿಸಿಟ್ಟ ಸಿಗಡಿ, ಅಳೆದ ವೈರಸ್. ನಮ್ಮ ಕೆರೆಯಲ್ಲಿ ಹಾಗಿರುವುದಿಲ್ಲ ಎಂಬುದು. ನಿಜ. ಕೆರೆಯಲ್ಲಿ ಬೆಳಗಿನ ಜಾವ ಆಮ್ಲಜನಕ ಇಳಿಯುತ್ತದೆ, ತಳದ ಕೆಸರು ಕೊಳೆಯುತ್ತದೆ, ಮೊದಲ ಮಳೆಗೆ ಉಪ್ಪಿನಂಶ ಒಮ್ಮೆಲೇ ಕುಸಿಯುತ್ತದೆ. ಪೊರೆ ಕಳಚಿದ ಸಿಗಡಿ ಮೆತ್ತಗಿದ್ದು ಸುಲಭವಾಗಿ ಸೋಂಕಿಗೆ ಸಿಗುತ್ತದೆ. ಟ್ಯಾಂಕಿನಲ್ಲಿ ಕಂಡಷ್ಟು ಲಾಭ ಕೆರೆಯಲ್ಲಿ ಕಾಣುತ್ತದೆಂದು ಯಾರೂ ಮಾತು ಕೊಡುವಂತಿಲ್ಲ, ಮಾತು ಕೊಡುವ ಮಾರಾಟಗಾರನನ್ನು ನಂಬಬೇಡಿ. ಆದರೆ ಈ ಆಕ್ಷೇಪ ಇನ್ನೊಂದು ದಿಕ್ಕಿಗೂ ಕೈ ತೋರಿಸುತ್ತದೆ. ಸಿಗಡಿಗೆ ಕಷ್ಟದ ಕಾಲ ಯಾವುದು ಎಂಬುದು ನಿಮಗೆ ವಿಜ್ಞಾನಿಗಿಂತ ಚೆನ್ನಾಗಿ ಗೊತ್ತು. ಮೇ ಕೊನೆಯ ಗುಡುಗು ಮಳೆ, ಅಮಾವಾಸ್ಯೆ-ಹುಣ್ಣಿಮೆಯ ಆಸುಪಾಸಿನಲ್ಲಿ ಹೆಚ್ಚು ಸಿಗಡಿ ಒಟ್ಟಿಗೆ ಪೊರೆ ಬಿಡುವ ದಿನಗಳು, ಪಕ್ಕದ ಕೆರೆಯಲ್ಲಿ ರೋಗದ ಸುದ್ದಿ ಬಂದ ವಾರ, ಇವು ಮುಂಚಿತವಾಗಿ ಊಹಿಸಬಹುದಾದವು. ಗ್ಲೂಕಾನ್‌ನ ವಾರದ ಸರದಿಯನ್ನು ಈ ದಿನಗಳಿಗೆ ಸ್ವಲ್ಪ ಮೊದಲೇ ಬೀಳುವಂತೆ ಹೊಂದಿಸಿಕೊಳ್ಳುವುದು ಸಿಗಡಿಯ ಮೈಯ ಗುಟ್ಟಿಗೂ ಕೆರೆಯ ಅನುಭವಕ್ಕೂ ಒಪ್ಪುವ ದಾರಿ. ರೋಗ ಶುರುವಾದ ಮೇಲೆ ಹಾಕುವುದರಲ್ಲಿ ಹುರುಳಿಲ್ಲ: ಕಾಯಿಲೆ ಬಿದ್ದ ಸಿಗಡಿ ಮೊದಲು ಬಿಡುವುದೇ ತಿನ್ನುವುದನ್ನು, ತಿನ್ನದ ಸಿಗಡಿಯ ಹೊಟ್ಟೆಗೆ ಯಾವ ಪುಡಿಯೂ ಸೇರುವುದಿಲ್ಲ.

ಈ ಪದಾರ್ಥಗಳ ಎಲ್ಲೆಯನ್ನೂ ಬಿಡಿಸಿ ಹೇಳಬೇಕು. ವೈಟ್ ಸ್ಪಾಟ್ 1994ರ ಹೊತ್ತಿಗೆ ಭಾರತದ ಕೆರೆಗಳಿಗೆ ಬಂತು, ಹುಲಿ ಸಿಗಡಿಯ ಭರಾಟೆಯನ್ನೇ ಮುರಿಯಿತು. 2009ರಲ್ಲಿ ವನಾಮಿಗೆ ಅನುಮತಿ ಸಿಕ್ಕು ರೋಗಮುಕ್ತ ತಾಯಿ ಸಿಗಡಿಗಳ ಮರಿ ಬರತೊಡಗಿದಾಗ ಕಷ್ಟ ಕಳೆಯಿತೆಂದು ಹಲವರು ಭಾವಿಸಿದರು. ಮರಿ ರೋಗಮುಕ್ತವಾಗಿದೆ ಎಂದರೆ ರೋಗ ಹತ್ತುವುದಿಲ್ಲ ಎಂದಲ್ಲ. ಹ್ಯಾಚರಿಯಿಂದ ಹೊರಡುವಾಗ ರೋಗವಿರಲಿಲ್ಲ ಎಂದಷ್ಟೇ ಅರ್ಥ. ಆಮೇಲೆ ಬಂದದ್ದು ಇಎಚ್‌ಪಿ. ಇದು ಸಿಗಡಿಯ ಹೆಪಟೊಪ್ಯಾಂಕ್ರಿಯಾಸ್‌ನ ಕೋಶಗಳೊಳಗೇ ಮನೆ ಮಾಡುವ ಅತಿಸೂಕ್ಷ್ಮ ಪರಾವಲಂಬಿ. ಸಿಗಡಿ ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಫೀಡ್ ಮಾತ್ರ ತಿನ್ನುತ್ತಲೇ ಇರುತ್ತದೆ. ಚೆನ್ನೈನ ಕೇಂದ್ರೀಯ ಉಪ್ಪುನೀರು ಜಲಕೃಷಿ ಸಂಸ್ಥೆಯ (ಸಿಬಾ) ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇಎಚ್‌ಪಿಯಿಂದ ದೇಶಕ್ಕೆ ವರ್ಷಕ್ಕಾಗುವ ನಷ್ಟ ಸುಮಾರು 4,000 ಕೋಟಿ ರೂಪಾಯಿ, ವೈಟ್ ಸ್ಪಾಟ್‌ನಿಂದಾಗುವುದಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ಕೋಶದೊಳಗೆ ಅಡಗಿದ ಈ ಜೀವಿಗೆ ಗ್ಲೂಕಾನ್ ಮದ್ದೆಂದು ಹೇಳಿ ಮಾರುವವರಿದ್ದರೆ ಕೆರೆಯಲ್ಲಿ ನಡೆಸಿದ ಪರೀಕ್ಷೆಯ ವಿವರ ಕೇಳಿ. ಅದರ ಬೀಜಕಣ ಕೆಸರಿನಲ್ಲಿ ಉಳಿಯುತ್ತದೆ. ಅದನ್ನು ನಾಶ ಮಾಡಲು ತಿಳಿದಿರುವ ದಾರಿ ಕೆರೆ ಬರಿದು ಮಾಡಿ ಒಣಗಿಸಿ, ಹೆಕ್ಟೇರಿಗೆ 6 ಟನ್ನಿನಂತೆ ಸುಟ್ಟ ಸುಣ್ಣ ಹಾಕಿ ಉತ್ತು, ನೀರು ತಾಗಿಸಿ ಮಣ್ಣಿನ ಪಿಎಚ್ 12ಕ್ಕೆ ಏರಿಸುವುದು. ತಪಾಸಣೆಯಾದ ಮರಿ, ಒಣಗಿದ ತಳ, ಏಡಿ-ಹಕ್ಕಿಗಳ ತಡೆ, ಶುದ್ಧಮಾಡಿ ಬಿಟ್ಟ ನೀರು, ಇವುಗಳ ಮೇಲೆ ಬರುವ ಕೊನೆಯ ಪದರ ಈ ಇಮ್ಯೂನ್ ಪುಡಿ. ಮೊದಲ ನಾಲ್ಕನ್ನು ಬಿಟ್ಟು ಕೊನೆಯದಕ್ಕೆ ಹಣ ಹಾಕುವವರನ್ನು ಕಂಡು ನಿಜವಾಗಿ ಸಂಕಟವಾಗುತ್ತದೆ.

ಕಡಲಪಾಚಿಯ ವಿಷಯ ಸ್ವಲ್ಪ. ವಿಳಿಂಜಂನಿಂದ ಕನ್ಯಾಕುಮಾರಿಯವರೆಗಿನ ಬಂಡೆಗಳ ದಂಡೆಯಲ್ಲಿ ಸರ್ಗಾಸಂ ಎಂಬ ಕಂದು ಪಾಚಿ ಬೆಳೆಯುತ್ತದೆ. ಗೋಕರ್ಣ, ಕಾರವಾರದ ಬಂಡೆಗಳಲ್ಲೂ ಅದರ ಬಳಗವಿದೆ. ಅದರಿಂದ ತೆಗೆದ ಫ್ಯೂಕಾಯ್ಡನ್ ಎಂಬ ಸಾರವನ್ನು ಕನ್ಯಾಕುಮಾರಿ ಜಿಲ್ಲೆಯ ರಾಜಾಕ್ಕಮಂಗಲಂ ಕೇಂದ್ರದ ಸಂಶೋಧಕರು ಹುಲಿ ಸಿಗಡಿಯ ಫೀಡಿನಲ್ಲಿ ಕೊಟ್ಟು, ವೈಟ್ ಸ್ಪಾಟ್ ಎದುರು ತಡೆಶಕ್ತಿ ಹೆಚ್ಚಿದ್ದನ್ನು 2012ರಲ್ಲಿ ವರದಿ ಮಾಡಿದರು. ಪರದೇಶದ ದುಬಾರಿ ಡಬ್ಬಿಗೆ ಬದಲು ನಮ್ಮ ದಂಡೆಯ ಪದಾರ್ಥವೇ ಒದಗಬಹುದು ಎಂಬ ಆಸೆಗೆ ಇದು ಒಳ್ಳೆಯ ಆಧಾರ. ಆದರೆ ಅವರು ಕೊಟ್ಟದ್ದು ಶುದ್ಧೀಕರಿಸಿ ಅಳೆದ ಸಾರ. ದಂಡೆಯ ಪಾಚಿ ಕಿತ್ತು, ಒಣಗಿಸಿ, ಕುಟ್ಟಿ ಹಾಕಿದರೆ ಅದರಲ್ಲಿ ಸಾರ ಎಷ್ಟಿದೆಯೋ ಉಪ್ಪು-ಮರಳು ಎಷ್ಟಿದೆಯೋ ತಿಳಿಯುವುದಿಲ್ಲ. ಪಾಚಿಯನ್ನು ಬೇಕಾಬಿಟ್ಟಿ ಕಿತ್ತರೆ ಅದರ ಮರೆಯಲ್ಲಿ ಬೆಳೆಯುವ ಮೀನುಮರಿಗಳಿಗೂ ನೆಲೆ ತಪ್ಪುತ್ತದೆ. ಈ ಪತ್ರ ಯಾರಿಗಲ್ಲ ಎಂಬುದನ್ನೂ ಹೇಳಬೇಕು: ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಕೊಯ್ದ ಮೇಲೆ, ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿ ಮಳೆಗಾಲದ ಬೆಳೆ ಮುಗಿದ ಮೇಲೆ, ಉಬ್ಬರದ ನೀರಿನೊಡನೆ ಬಂದ ಸಿಗಡಿಯನ್ನು ಬೆಳೆಸುವವರಿಗೆ ಈ ಪತ್ರದ ಬಹುಪಾಲು ಅನ್ವಯಿಸುವುದಿಲ್ಲ. ಅಲ್ಲಿ ಸಿಗಡಿ ನೆಲದ ಆಹಾರವನ್ನೇ ತಿನ್ನುತ್ತದೆ. ಫೀಡೇ ಹಾಕದ ಕಡೆ ಫೀಡಿಗೆ ಬೆರೆಸುವ ಪುಡಿಯ ಮಾತೇ ಬೇಡ.

ಇನ್ನು ನಿಮ್ಮಲ್ಲಿ ನಾನು ಕೇಳಿಕೊಳ್ಳುವುದು. ಡಬ್ಬಿ ಕೊಳ್ಳುವ ಮೊದಲು ಒಳಗಿರುವ ಗ್ಲೂಕಾನ್ ಯಾವ ಮೂಲದ್ದು, ನೂರಕ್ಕೆ ಎಷ್ಟು, ತಯಾರಾದ ತಿಂಗಳು ಯಾವುದು ಎಂದು ಲೇಬಲ್‌ನಲ್ಲಿ ನೋಡಿ. ಇಲ್ಲದಿದ್ದರೆ ವಾಪಸು ಇಡಿ. ಕರಾವಳಿ ಜಲಕೃಷಿ ಪ್ರಾಧಿಕಾರದ ಪ್ರಮಾಣಪತ್ರ ತೋರಿಸಿದರೆ ಅದಕ್ಕೆ ಬೆಲೆ ಕೊಡಿ, ಆದರೆ ಅದು ಡಬ್ಬಿಯಲ್ಲಿ ಆ್ಯಂಟಿಬಯೋಟಿಕ್ ಇಲ್ಲ ಎಂಬುದಕ್ಕೆ ಸಾಕ್ಷಿ, ಪುಡಿ ಕೆಲಸ ಮಾಡುತ್ತದೆ ಎಂಬುದಕ್ಕಲ್ಲ. ನನ್ನ ಎರಡನೆಯ ಕೋರಿಕೆ ಒಬ್ಬಿಬ್ಬರಿಂದ ಆಗುವುದಲ್ಲ, ಸಂಘದಿಂದಲೇ ಆಗಬೇಕು. ಒಬ್ಬನ ಕೆರೆಯ ಗೆಲುವು-ಸೋಲಿಗೆ ನೂರು ಕಾರಣವಿರುತ್ತದೆ, ಅದರಿಂದ ಪುಡಿಯ ಗುಣ ತಿಳಿಯದು. ಒಂದು ಸಂಘದ ಹತ್ತು ಮಂದಿ ತಲಾ ಎರಡೆರಡು ಸಮನಾದ ಕೆರೆ ಕೊಟ್ಟು, ಒಂದೇ ಹ್ಯಾಚರಿಯ ಒಂದೇ ದಿನದ ಮರಿ, ಒಂದೇ ಸಾಂದ್ರತೆ, ಒಂದೇ ಫೀಡ್ ಇಟ್ಟುಕೊಂಡು, ನಾಣ್ಯ ಚಿಮ್ಮಿ ಒಂದಕ್ಕೆ ವಾರಕ್ಕೊಮ್ಮೆ ಗ್ಲೂಕಾನ್, ಇನ್ನೊಂದಕ್ಕೆ ಬರಿಯ ಬೈಂಡರ್ ಹಾಕಿದರೆ, ಒಂದೆರಡು ಬೆಳೆಯಲ್ಲಿ ನಮ್ಮ ನೀರಿಗೆ ಸಲ್ಲುವ ಉತ್ತರ ಸಿಗತೊಡಗುತ್ತದೆ. ಬದುಕುಳಿದ ಪ್ರಮಾಣ, ಫೀಡಿನ ಲೆಕ್ಕ, ಹಿಡಿದ ದಿನದ ಕೌಂಟ್, 30 ಮತ್ತು 60ನೇ ದಿನದ ಪಿಸಿಆರ್ ಫಲಿತಾಂಶ, ಇಷ್ಟು ಬರೆದಿಟ್ಟರೆ ಸಾಕು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ, ಕಾರವಾರದಲ್ಲಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರ, ಕೊಚ್ಚಿಯಲ್ಲಿರುವ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರದ (ಎಂಪೆಡಾ) ಕಚೇರಿ, ಇವರನ್ನು ಯೋಜನೆ ಹಾಕುವ ಹಂತದಲ್ಲೇ ಕರೆಸಿಕೊಳ್ಳಿ; ಬೆಳೆ ಹೋದ ಮೇಲೆ ಕರೆದರೆ ಅವರಿಗೆ ನೋಡಲು ಸಿಗುವುದು ಬರಿದಾದ ಕೆರೆ. ಸೋತ ಕೆರೆಯ ಅಂಕಿಗಳನ್ನೂ ಮುಚ್ಚಿಡದೆ ಪಟ್ಟಿಯಲ್ಲಿ ಸೇರಿಸಿ. ಮುಂದಿನ ಮರಿ ಬಿಡುವ ಮೊದಲು ನಿಮ್ಮ ಸಂಘದ ಸಭೆಯಲ್ಲಿ ಈ ಪತ್ರ ಓದಿ, ಕೆರೆ ಕೊಡಲು ಒಪ್ಪುವ ಹತ್ತು ಮಂದಿಯ ಹೆಸರು ಅಲ್ಲಿಯೇ ಬರೆದುಕೊಳ್ಳಬೇಕೆಂದು ಪ್ರಾರ್ಥನೆ.

ಇಂತು ವಿಶ್ವಾಸದಿಂದ,
ನಿಮ್ಮ ಕರಾವಳಿಯವನೇ ಒಬ್ಬ